ತುಂಗಕ್ಕನ ಮನೆಯ ಮುಖ

ಬಂಗಾರದಂಚಿನ ಕಪ್ಪಿನಲ್ಲಿ ಚಹಾ ಕೊಟ್ಟ ಮನೆಯಲ್ಲಿ ಸಿಗ್ನಲ್ ಹಿಡಿಯಲು ಹೋಗಬಾರದು. ನಮ್ಮ ಕೆಲಸದ ಮೊದಲ ಪಾಠ ಇದು. ಕಂಪನಿ ಕೊಡುವ ದಪ್ಪ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದನ್ನು ಬರೆದವರು ಮನೆಗಳು ಸುಮ್ಮನೆ ನಿಂತಿರುವ ಊರಿನವರು. ನಾನಂತೂ ಇದನ್ನು ತುಂಗಕ್ಕನ ಮನೆಯಲ್ಲಿ ಕಲಿತೆ. ಅದೂ ಎರಡು ಸಲ ಮುಖಭಂಗ ಮಾಡಿಕೊಂಡ ಮೇಲೆ.

ನಮ್ಮೂರಿನ ಮನೆಗಳು ದುಂಡು ಕಟ್ಟೆಯ ಮೇಲೆ ಕೂತಿವೆ. ಒಳಗಿನವರು ಮುನಿಸಿಕೊಂಡರೆ ಮನೆ ತಿರುಗುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಊದಿಸಿಕೊಂಡರೆ ಒಂದು ಬೆರಳು, ತವರಿನ ಸುದ್ದಿ ಎತ್ತಿದರೆ ಒಂದು ಗೇಣು. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಬೆಳಿಗ್ಗೆ ಬಿಸಿಲು ಬಿದ್ದ ಕಿಟಕಿಗೆ ಮಧ್ಯಾಹ್ನವೂ ಬಿಸಿಲು ಬಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಮನೆ ತಿರುಗುವಾಗ ಉರುಳದಿರಲೆಂದು ನೀರಿನ ಕೊಡಗಳನ್ನು ನಾವು ಬಟ್ಟೆಯ ಸಿಂಬಿಯ ಮೇಲೆ ಇಡುತ್ತೇವೆ. ಅಂಚೆಯವನು ಪ್ರತಿ ಮನೆಗೂ ಒಂದು ಸುತ್ತು ಹಾಕಿ ಬಾಗಿಲು ಹುಡುಕುತ್ತಾನೆ. ಯಾರ ಮನೆ ಎಷ್ಟು ತಿರುಗಿದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲ. ಅತಿಥಿಗಳು ಬಂದಾಗ ಮಾತ್ರ ಎಂಥ ಮುನಿಸಿನ ಮನೆಯೂ ಬೀದಿಗೆ ನೇರ ಮುಖ ಮಾಡಿ, ಏನೂ ಆಗಿಲ್ಲವೆಂಬಂತೆ ನಿಲ್ಲುತ್ತದೆ. ಅತಿಥಿ ಓಣಿಯ ತಿರುವು ದಾಟಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ.

ಇಂಥ ಊರಿಗೆ ಮೊದಲು ಒಂದು ಕೇಬಲ್ ಕಂಪನಿ ಬಂದಿತ್ತು. ಕಂಬದಿಂದ ಮನೆಗೆ ತಂತಿ ಎಳೆದು ಹೋದರು. ಎರಡು ತಿಂಗಳಲ್ಲಿ ತಂತಿಗಳೆಲ್ಲ ಬುಗುರಿಗೆ ದಾರ ಸುತ್ತಿದ ಹಾಗೆ ಮನೆಗಳಿಗೆ ಸುತ್ತಿಕೊಂಡು, ಕೆಲವರ ಬಾಗಿಲೇ ತೆರೆಯದಂತಾಗಿ, ಆ ಕಂಪನಿಯವರು ಕತ್ತರಿ ಹಿಡಿದುಕೊಂಡು ಬಂದು ಎಲ್ಲವನ್ನೂ ಕಿತ್ತುಕೊಂಡು ಹೋದರು. ಆಮೇಲೆ ಬಂದವರು ನಾವು. ತಂತಿಯಿಲ್ಲದ ಇಂಟರ್ನೆಟ್. ಮಾಳಿಗೆಯ ಮೇಲೆ ಒಂದು ಪೈಪು, ಪೈಪಿಗೆ ಊಟದ ತಟ್ಟೆಯಷ್ಟು ಅಗಲದ ಬಿಳಿ ಡಿಶ್, ಅದರ ಬೆನ್ನಿಗೆ ನಾಲ್ಕು ಹಸಿರು ದೀಪಗಳ ಡಬ್ಬಿ. ಡಿಶ್ ಗುಡ್ಡದ ಮೇಲಿನ ಟವರಿಗೆ ನೇರವಾಗಿ ಕಣ್ಣಿಟ್ಟಿರಬೇಕು. ನಾಲ್ಕು ದೀಪ ಹೊತ್ತಿದರೆ ಸಿಗ್ನಲ್ ಭರ್ತಿ. ಮೂರು ಬೆರಳು ಪಕ್ಕಕ್ಕೆ ಸರಿದರೆ ಎಲ್ಲವೂ ಕತ್ತಲು.

ತುಂಗಕ್ಕನಿಗೆ ಅರವತ್ತೊಂದು ವರ್ಷ. ಗಿಡ್ಡ ದೇಹ, ಚುರುಕು ಕಣ್ಣು. ಹುಲಿ-ಕುರಿ ಆಟದಲ್ಲಿ ನಮ್ಮ ಸೀಮೆಯಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ನೆಲದ ಮೇಲೆ ಬಳಪದಿಂದ ಮನೆ ಗೀಚಿ, ಮೂರು ಹುಲಿ, ಹದಿನೈದು ಕುರಿ ಇಟ್ಟು ಆಡುವ ಆಟ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗಳು ಗುಂಪುಗೂಡಿ ಹುಲಿಯನ್ನು ಕಟ್ಟಿಹಾಕುತ್ತವೆ. ಈ ಆಟವನ್ನು ಯಾರೋ ಕಂಪ್ಯೂಟರಿಗೆ ತಂದು ದೇಶದ ಮಟ್ಟದ ಪಂದ್ಯ ಇಟ್ಟಾಗ ತುಂಗಕ್ಕ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತು, ನನ್ನ ಮೊಬೈಲಿನಲ್ಲೇ ಐದು ಸುತ್ತು ಗೆದ್ದಿದ್ದಳು. ಈಗ ಫೈನಲ್. ಗುರುವಾರ ಸಂಜೆ ನಾಲ್ಕಕ್ಕೆ. ಆಟಗಾರರು ಅವರವರ ಮನೆಯಲ್ಲಿಯೇ, ಕ್ಯಾಮೆರಾದ ಮುಂದೆ ಕೂತು ಆಡಬೇಕು. ನಡುವೆ ಮೂರು ನಿಮಿಷ ಸಂಪರ್ಕ ತಪ್ಪಿದರೆ ಸೋತಂತೆ.

"ಮೂವತ್ತೊಂದು ವರ್ಷ ಆತ್ರೀ ಮೇಡಂ, ನಮ್ಮ ಮನ್ಯಾಗ ನಾ ಕುರಿ ಹಿಡದು," ಎಂದಳು ತುಂಗಕ್ಕ. "ಈಗರ ಹಿಡೀಬೇಕು. ನೀವ ಏನರ ಮಾಡ್ರಿ."

ಸೋಮವಾರ ಹೋದೆ. ಬಂಗಾರದಂಚಿನ ಕಪ್ಪಿನಲ್ಲಿ ಚಹಾ ಬಂತು, ತಟ್ಟೆಯಲ್ಲಿ ಅವಲಕ್ಕಿ ಚೂಡಾ ಬಂತು. ಮಾಳಿಗೆ ಹತ್ತಿ ಪೈಪು ನಿಲ್ಲಿಸಿ, ಡಿಶ್ ಕೂರಿಸಿ, ಟವರಿನತ್ತ ತಿರುಗಿಸಿ ಬೋಲ್ಟು ಬಿಗಿದೆ. ನಾಲ್ಕೂ ದೀಪ ಹೊತ್ತಿದವು. ತುಂಗಕ್ಕ ಕೈ ಮುಗಿದಳು. ನಾನು ಬೀಗುತ್ತ ಆಫೀಸಿಗೆ ಬಂದು ನೀರು ಕುಡಿಯುವಷ್ಟರಲ್ಲಿ ಫೋನು.

"ಕಸ್ತೂರಿ ಮೇಡಂ, ನಿಮ್ಮ ಡಬ್ಬಿ ಕಣ್ಣ ಮುಚ್ಚೇತಿ."

ಮಂಗಳವಾರ ಮತ್ತೆ ಹೋದೆ. ಡಬ್ಬಿ ಸರಿಯಾಗಿತ್ತು, ದೀಪ ಹೊತ್ತಿದ್ದವು. ಆದರೂ ಡಬ್ಬಿ ಬದಲಿಸಿದೆ, ಕೇಬಲ್ ಬದಲಿಸಿದೆ. ಮತ್ತೆ ಚಹಾ, ಮತ್ತೆ ಚೂಡಾ. ನಾನು ಓಣಿ ದಾಟಿದ ಕೂಡಲೇ ಮತ್ತೆ ಫೋನು. ತಲೆ ಕೆಟ್ಟುಹೋಯಿತು. ನೀವು ನಗಬಹುದು, ಇದೇ ಊರಿನಲ್ಲಿ ಹುಟ್ಟಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು. ಆದರೆ ನಾನು ಕೆಲಸಕ್ಕೆ ಬಂದವಳು. ಹೆಗಲಿಗೆ ಚೀಲ, ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಹಿಡಿದವಳು ಅತಿಥಿಯೂ ಆಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆಯಿಸಿದವರು ತುಂಗಕ್ಕನ ಗಂಡ ಅಡಿವೆಪ್ಪನವರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ತಪಾಸಣೆ ಮಾಡುವ ಇಲಾಖೆಯಲ್ಲಿ ಸಾಹೇಬರಾಗಿ ನಿವೃತ್ತರಾದವರು. ನಗು ಕಡಿಮೆ, ಅನುಮಾನ ಹೆಚ್ಚು. ಮಂಗಳವಾರ ಸಂಜೆ ನಾನು ಮೂರನೆಯ ಸಲ ಮೆಟ್ಟಿಲು ಹತ್ತಲು ಹೊರಟಾಗ, ಹಿತ್ತಲಲ್ಲಿ ಕೂತಿದ್ದ ಅವರು ತಲೆಯೆತ್ತದೆ ಮಾತಾಡಿದರು.

"ತಪಾಸಣಿಗೆ ಸಾಹೇಬ ಬಂದಾನಂದ್ರ ಎಲ್ಲಾ ತಕ್ಕಡಿನೂ ಸರಿ ತೂಗ್ತಾವ ತಂಗಿ. ಅದಕ್ಕ ನಾ ಸಾಹೇಬನಾಗಿ ಹೋಗ್ತಿದ್ದಿಲ್ಲ. ಕೈಯಾಗ ಚೀಲ ಹಿಡದು, ಬ್ಯಾಳಿ ತಗೊಳ್ಳಾಕ ಬಂದವರಂಗ ಹೋಗ್ತಿದ್ದೆ."

ನಾನು ಮೆಟ್ಟಿಲಿನಿಂದ ಕಾಲು ಕೆಳಗಿಟ್ಟೆ. ನಾನು ಎರಡು ದಿನವೂ ಹಿಡಿದ ಸಿಗ್ನಲ್ ಮನೆಯ ಉಪಚಾರದ ಮುಖಕ್ಕೆ! ನಿಜವಾದ ಮುಖವನ್ನು ನಾನು ನೋಡಿಯೇ ಇರಲಿಲ್ಲ. ನಾನಿರುವಾಗ ಅದು ಕಾಣಬೇಕಾದರೆ ನಾನು ಈ ಮನೆಗೆ ಹೊರಗಿನವಳಾಗಿರಬಾರದು. ಇರುವುದು ಒಂದೇ ದಿನ.

ಬುಧವಾರ ಬೆಳಿಗ್ಗೆ ಹಳೆಯ ಸೀರೆಯುಟ್ಟು, ಹೇಳದೆ ಕೇಳದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಮೆಂತ್ಯದ ಸೊಪ್ಪು ಬಿಡಿಸಿದೆ. ಅಂಗಳ ಗುಡಿಸಿದೆ. ತುಂಗಕ್ಕ ಬಿಡಬೇಕಲ್ಲ! "ಅಯ್ಯ, ನೀವ್ಯಾಕ ಮೇಡಂ, ಕುಂದರ್ರಿ ಮೇಡಂ" ಎಂದು ಪ್ರತಿ ಮಾತಿಗೂ ಮೇಡಂ ಸೇರಿಸುತ್ತಾಳೆ, ಮನೆ ಒಂದಿಂಚೂ ಅಲುಗುವುದಿಲ್ಲ. ಸೊಪ್ಪು ಬಿಡಿಸುತ್ತ ಸುಮ್ಮನೆ ಮಾತು ತೆಗೆದೆ. ಈ ಮನೆ ತಿರುಗಿದ್ದು ಯಾಕೆಂದು ಕೇಳುವುದು ಸಭ್ಯತೆಯಲ್ಲವೆಂದೆನಲ್ಲ, ಕೇಳಿಯೇಬಿಟ್ಟೆ.

ತುಂಗಕ್ಕ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು. ಆಮೇಲೆ ಹೇಳಿದಳು. ಮೂವತ್ತೊಂದು ವರ್ಷದ ಹಿಂದೆ, ಬೀಗರೆಲ್ಲ ಬಂದಿದ್ದಾಗ, ಗಂಡ ಹೆಂಡತಿ ಹುಲಿ-ಕುರಿ ಆಡಲು ಕೂತಿದ್ದರು. ಗಂಡನದು ಹುಲಿ, ಆಕೆಯದು ಕುರಿ. ಎರಡು ಹುಲಿ ಕಟ್ಟಿಯಾಗಿತ್ತು. ಮೂರನೆಯದು ಒಂದು ಕುರಿಯನ್ನು ಹಾರಿ ತಿಂದು ಮೂಲೆಗೆ ಬಂದು ಕೂತಿತು. ಅಡಿವೆಪ್ಪನವರು ಖುಷಿಯಿಂದ ನೀರು ಕುಡಿಯಲು ಎದ್ದು ಹೋದರು. ಬಂದು ನೋಡಿದರೆ ಹುಲಿಗೆ ಎರಡೂ ದಾರಿ ಮುಚ್ಚಿತ್ತು.

"ನಾ ಸರಿಸಿದ್ದು ಒಂದ ಕುರಿ. ಅವ್ರು ಎರಡು ಸರಿಸೀದಿ ಅಂದ್ರು. ಒಂದು ಕುರಿ ಎರಡು ದಾರಿ ಹೆಂಗ ಮುಚ್ಚತೈತಿ, ನಾ ನೀರ ಕುಡ್ಯಾಕ ಹೋದಾಗ ಮೋಸ ಮಾಡೀದಿ ಅಂತ ಎಲ್ಲಾರ ಮುಂದ ಅಂದ್ರು. ಬೀಗರು ನಕ್ರು. ಅವತ್ತ ಬಳಪ ಅಳಿಸಿದೆ. ಅನ್ನ ನೀಡೀನಿ, ಜಡ್ಡಿಗೆ ಔಷಧ ಕೊಟ್ಟೀನಿ, ಮಾತಾಡೀನಿ. ಈ ಮನ್ಯಾಗ ಆಟ ಮಾತ್ರ ಆಡಿಲ್ಲ."

ಅಷ್ಟು ಹೇಳಿ ಎದ್ದವಳು ಬಾಗಿಲಲ್ಲಿ ನನ್ನ ಚಪ್ಪಲಿಗೆ ಎಡವಿದಳು. ಸೊಪ್ಪಿನ ಬುಟ್ಟಿ ಚೆಲ್ಲಾಪಿಲ್ಲಿಯಾಯಿತು.

"ಏ ಕಸ್ತೂರಿ! ಬಾಗಲಾಗ ಯಾರರ ಚಪ್ಪಲಿ ಬಿಡ್ತಾರೇನಬೇ? ಕಣ್ಣ ಅದಾವಿಲ್ಲೋ ನಿನಗ?"

ಕಟ್ಟೆಯ ಕೆಳಗಿನಿಂದ ಗರಗರ ಸದ್ದು ಬಂತು. ಸಿಂಬಿಯ ಮೇಲಿನ ಕೊಡದಲ್ಲಿ ನೀರು ತುಳುಕಿತು. ಗೋಡೆಯ ಮೇಲಿನ ಬಿಸಿಲು ಮೆಲ್ಲಗೆ ಸರಿಯಿತು. ಬೀದಿಗಿದ್ದ ಬಾಗಿಲು ತಿರುಗುತ್ತ ತಿರುಗುತ್ತ ಹೋಗಿ ಬೇವಿನ ಮರದತ್ತ ನಿಂತಿತು. ಬೈಸಿಕೊಂಡು ನನಗೆ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದಿಲ್ಲ. ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹಾರಿ ಮಾಳಿಗೆಗೆ ಓಡಿದೆ. ಹೊಸ ದಿಕ್ಕಿಗೆ ಡಿಶ್ ತಿರುಗಿಸಿ ಬೋಲ್ಟು ಬಿಗಿದೆ. ಒಂದು, ಎರಡು, ಮೂರು, ನಾಲ್ಕು. ಕೆಳಗಿಳಿದಾಗ ತುಂಗಕ್ಕ ನೆಗ್ಗಿದ ಸ್ಟೀಲ್ ಲೋಟದಲ್ಲಿ ಚಹಾ ಸುರಿದು ನನ್ನ ಮುಂದೆ ಕುಕ್ಕಿದಳು. ಅದನ್ನು ಕುಡಿದು, ಸಂಜೆಯವರೆಗೂ ಆಫೀಸಿನಿಂದ ಮೂರು ಸಲ ಫೋನು ಮಾಡಿ ಕೇಳಿದೆ. ದೀಪ ಆರಲಿಲ್ಲ.

ಗುರುವಾರ ಮಧ್ಯಾಹ್ನವೇ ಹೋಗಿ ಸ್ವಿಚ್ ಕೂರಿಸಿದೆ. ದೀಪ ಹಾಕುವ ಸ್ವಿಚ್ಚಲ್ಲ. ಮಾಳಿಗೆಯಿಂದ ಬಂದ ಒಂದು ಕೇಬಲನ್ನು ಹಲವು ಕಡೆ ಹಂಚಿಕೊಡುವ ಪುಟ್ಟ ಪೆಟ್ಟಿಗೆ. ಒಂದು ಕೇಬಲ್ ತುಂಗಕ್ಕ ಆಡುವ ಕಂಪ್ಯೂಟರಿಗೆ, ಇನ್ನೊಂದು ಪಡಸಾಲೆಯ ಟೀವಿಗೆ, ಮನೆಯವರಿಗೆ ಆಟ ಕಾಣಲೆಂದು. ತಂತಿಯನ್ನು ಗೋಡೆಗೆ ಹೊಡೆಯುವಾಗ ರೂಢಿಯಂತೆ ಎರಡು ಮಾರು ಹೆಚ್ಚಿಗೆ ಬಿಟ್ಟೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ತುಂಗಕ್ಕ ಹಸಿರು ಸೀರೆಯುಟ್ಟು ಕ್ಯಾಮೆರಾದ ಮುಂದೆ ಕೂತಳು. ಅಡಿವೆಪ್ಪನವರು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಬೆಳ್ಳುಳ್ಳಿ ಆರಿಸುತ್ತಿದ್ದರು. ಆಟ ಶುರುವಾಯಿತು. ಎದುರಾಳಿ ಎಲ್ಲೋ ದೂರದ ಊರಿನವನು, ಅವನದು ಹುಲಿ. ತುಂಗಕ್ಕನದು ಕುರಿ.

ಮೊದಲ ಹುಲಿಯನ್ನು ಆಕೆ ಕಾಲು ಗಂಟೆಯಲ್ಲಿ ಕಟ್ಟಿಹಾಕಿದಳು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹೊರಗೆ ಗದ್ದಲ. ಪಕ್ಕದ ಮನೆಯ ಬೀಬಿಜಾನ್ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಒಳ್ಳೆಯ ಸೀರೆಗಳಲ್ಲಿ, ತಲೆಗೆ ಹೂವು ಮುಡಿದು ಒಳಗೆ ಬಂದಳು. ಹನ್ನೆರಡು ಜನ. ಟೀವಿಯ ಮುಂದೆ ಸಾಲಾಗಿ ಕೂತರು. ತುಂಗಕ್ಕ ಪರದೆಯಿಂದ ಕಣ್ಣು ತೆಗೆಯದೆಯೇ, ಅಭ್ಯಾಸಬಲದಿಂದ, "ಬರ್ರಿ ಬರ್ರಿ, ಕಪ್ಪು ಕಪಾಟಿನ್ಯಾಗ ಅದಾವು, ಚಾ ಕುಡೀರಿ" ಎಂದಳು. ಬೀಬಿಜಾನ್ ಬಂಗಾರದಂಚಿನ ಕಪ್ಪುಗಳನ್ನು ಹೊರಗೆ ತೆಗೆದಳು.

ಕಟ್ಟೆಯ ಕೆಳಗಿನಿಂದ ಗರಗರ ಸದ್ದು ಬಂತು. ಮನೆ ಬೀದಿಯತ್ತ ಮುಖ ತಿರುಗಿಸುತ್ತಿತ್ತು. ಟೀವಿಯಲ್ಲಿ ಹುಲಿ, ಕುರಿ ಎಲ್ಲ ಕಲ್ಲಿನ ಹಾಗೆ ನಿಂತವು. ಮೂಲೆಯಲ್ಲಿ ಗಡಿಯಾರ ಕೆಂಪಗೆ ಓಡತೊಡಗಿತು, ಮೂರು ನಿಮಿಷದಿಂದ ಕೆಳಕ್ಕೆ.

"ಅಕ್ಕಾರ, ಇವ್ರೆಲ್ಲಾ ಅತಿಥಿಗಳಾಗಿ ಬಂದಾರ್ರೀ!" ಎಂದು ಕೂಗಿಕೊಂಡೆ. ಹೊರಗೆ ಹೋಗಿ ಅನ್ನುವಂತಿಲ್ಲ. ಹಾಗೆ ಅಂದರೆ ಹನ್ನೆರಡು ಮನೆಗಳು ಒಂದೇ ಸಲ ತಿರುಗುತ್ತವೆ. ಹೆಂಗಸರು ಕಪ್ಪು ಹಿಡಿದುಕೊಂಡು ಗಾಬರಿಯಾಗಿ ಕೂತಿದ್ದರು. ಎರಡು ನಿಮಿಷ.

ಆಗ ಅಡಿಗೆಮನೆಯಿಂದ ಅಡಿವೆಪ್ಪನವರು ಬಂದರು. ಕೈಯಲ್ಲಿ ಮೊರದ ತುಂಬ ಬೆಳ್ಳುಳ್ಳಿ. ಹೆಂಗಸರ ಕೈಯಿಂದ ಒಂದೊಂದೇ ಕಪ್ಪು ಕಸಿದುಕೊಂಡು, ಅವರವರ ಒಳ್ಳೆಯ ಸೀರೆಯ ಮಡಿಲಿಗೆ ಒಂದೊಂದು ಹಿಡಿ ಬೆಳ್ಳುಳ್ಳಿ ಸುರಿದರು.

"ಸುಮ್ಮ ಕುಂತು ಏನ್ ನೋಡ್ತೀರಿ? ಸುಲೀರಿ. ಏ ಬೀಬಿ, ನಿನ್ನ ಕಾಲ ಅಡ್ಡ ಅದಾವು, ಮಡಚು."

"ಚಾ ಅಂದಿದ್ರಲ್ಲೋ ಮಾವಾ," ಎಂದಳು ಬೀಬಿಜಾನ್.

"ಒಲಿ ಅಲ್ಲೈತಿ. ನೀನ ಮಾಡ್ಕೋ, ಲೋಟಾ ನೀನ ತೊಳಿ. ನನಗೂ ಒಂದೀಟು ತಂದುಕೊಡು."

ಬೀಬಿಜಾನ್ ಗೊಣಗುತ್ತ ಸೆರಗು ಸಿಕ್ಕಿಸಿಕೊಂಡು ಎದ್ದಳು, ಥೇಟ್ ಮನೆಯ ಸೊಸೆಯ ಹಾಗೆ. ಉಳಿದವರು ಬೆಳ್ಳುಳ್ಳಿ ಸುಲಿಯತೊಡಗಿದರು. ಯಾರೋ ಸಿಪ್ಪೆಯನ್ನು ನೆಲಕ್ಕೆ ಚೆಲ್ಲಿದರು, ಯಾರೋ ಕಾಲು ಚಾಚಿದರು, ಯಾರೋ ಫ್ಯಾನು ಜೋರು ಮಾಡು ಎಂದರು. ಮನೆ ನಿಂತಿತು. ಹಿಂದೆ ಮುಂದೆ ನೋಡಿತು. ಗರಗರನೆ ಬೇವಿನ ಮರದತ್ತ ವಾಪಸು ಹೋಯಿತು. ಗಡಿಯಾರದಲ್ಲಿ ಹದಿನೆಂಟು ಸೆಕೆಂಡು ಉಳಿದಿರುವಾಗ ಟೀವಿಯಲ್ಲಿ ಕುರಿಗಳು ಅಲುಗಿದವು. ಹನ್ನೆರಡು ಜನ ಒಟ್ಟಿಗೆ ಚೀರಿದ್ದಕ್ಕೆ ನನ್ನ ಕಿವಿ ಗುಂಯ್‌ಗುಟ್ಟಿತು.

ಎರಡನೆಯ ಹುಲಿಯೂ ಕಟ್ಟಿತು. ಉಳಿದದ್ದು ಒಂದು. ಅದು ಪಕ್ಕಾ ಕಳ್ಳ ಹುಲಿ. ಅತ್ತ ಹಾರಿ, ಇತ್ತ ಹಾರಿ ನಾಲ್ಕು ಕುರಿ ತಿಂದಿತು. ಇನ್ನೆರಡು ತಿಂದರೆ ಆಟವೇ ಅದರದು ಎಂದು ಬೀಬಿಜಾನ್ ಪಿಸುಗುಟ್ಟಿದಳು. ಅಷ್ಟರಲ್ಲಿ ತುಂಗಕ್ಕ ಒಂದು ಕುರಿಯನ್ನು ಬೇಕೆಂದೇ ಅದರ ಬಾಯಿಯ ಮುಂದೆ ಇಟ್ಟಳು.

"ಅಯ್ಯಯ್ಯ, ಏನ್ ಮಾಡಿದ್ರೀ ಅಕ್ಕಾರ!" ಎಂದೆ.

"ಸುಮ್ನಿರು ಕಸ್ತೂರಿ."

ಆ ಕಡೆಯವನು ಕಾಯಲೇ ಇಲ್ಲ. ಹುಲಿ ಹಾರಿತು, ಕುರಿಯನ್ನು ತಿಂದಿತು, ಮೂಲೆಗೆ ಹೋಗಿ ಕೂತಿತು. ಹೆಂಗಸರೆಲ್ಲ ತಲೆಗೆ ಕೈ ಹಚ್ಚಿದರು. ನಾನೂ ಹಚ್ಚಿದೆ. ಹುಲಿಗೆ ಹೊರಬರಲು ಎರಡು ದಾರಿ, ತುಂಗಕ್ಕನಿಗೆ ಇರುವುದು ಒಂದು ನಡೆ.

ಅಡಿಗೆಮನೆಯ ಬಾಗಿಲಲ್ಲಿ ಅಡಿವೆಪ್ಪನವರು ನಿಂತಿದ್ದರು. ಯಾವಾಗ ಇತ್ತ ತಿರುಗಿದ್ದರೋ ಗೊತ್ತಿಲ್ಲ. ಟೀವಿಯನ್ನು ಅವರು ತಕ್ಕಡಿಯ ಮುಳ್ಳು ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಿಧಾನವಾಗಿ ಕೈಯೆತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆದರು.

"ಒಂದ ಕುರಿ," ಎಂದರು. "ನಡುವಿನ ಕುರಿ ಒಂದು ಮನಿ ಮುಂದ ಬಂದ್ರ ಎರಡೂ ದಾರಿ ಕೂಡೋ ಜಾಗಾ ಅದು ಮುಚ್ಚತೈತಿ. ಅದನ್ನ ಹಾರಬೇಕಂದ್ರ ಹುಲಿಗೆ ಅದರ ಹಿಂದ ಜಾಗಾನ ಇಲ್ಲ. ಒಂದ ಕುರಿ ಸಾಕು." ಹೆಂಡತಿಯತ್ತ ತಿರುಗಿದರು. "ತುಂಗಾ, ಅವತ್ತು ನೀ ಮೋಸ ಮಾಡಿದ್ದಿಲ್ಲ. ನನಗ ಲೆಕ್ಕ ತಿಳೀಲಿಲ್ಲ. ನಂದ ತಪ್ಪು."

ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತು. ತುಂಗಕ್ಕನ ಬೆರಳು ನಡುವಿನ ಕುರಿಯ ಹತ್ತಿರ ಗಾಳಿಯಲ್ಲೇ ಉಳಿಯಿತು. ಆಕೆಯ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಅದೇ ಕ್ಷಣದಲ್ಲಿ ಕಟ್ಟೆಯ ಕೆಳಗಿನಿಂದ ನಾನು ಎಂದೂ ಕೇಳಿರದಂಥ ಸದ್ದು ಬಂತು, ಮೂವತ್ತೊಂದು ವರ್ಷ ಜಂಗು ಹಿಡಿದ ಕೀಲು ಬಿಟ್ಟುಕೊಂಡ ಸದ್ದು. ಇಡೀ ಮನೆ ಹೊರಳಿತು.

ಆಕೆ ಬೆರಳು ಇಳಿಸಿ ಕುರಿಯನ್ನು ಸರಿಸಿದಳು. ಕುರಿ ಸರಿಯಲಿಲ್ಲ. ಕೆಂಪು ಗಡಿಯಾರ ಓಡತೊಡಗಿತು.

"ಈಗ ಹೇಳಬೇಕಿತ್ತೇನ್ರೀ ಅದನ್ನ!" ಎಂದು ತುಂಗಕ್ಕ ಅಳುತ್ತ ನಗುತ್ತ ಗಂಡನಿಗೆ ಬೈದಳು. "ಮೂವತ್ತೊಂದು ವರ್ಷ ತಡದ್ರಿ, ಇನ್ನೊಂದು ನಿಮಿಷ ತಡೀಲಿಕ್ಕೆ ಏನಾಗಿತ್ತು?"

ನಾನು ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದೆ. ಮಾಳಿಗೆಯ ಮೇಲೆ ನಿಲ್ಲಲಾಗುತ್ತಿಲ್ಲ. ಬೇವಿನ ಮರ ಹಿಂದಕ್ಕೆ ಹೋಯಿತು, ಬೀದಿ ಬಂತು, ಬೀದಿಯೂ ಹೋಯಿತು. ಮನೆ ತನ್ನ ಉಪಚಾರದ ಮುಖವನ್ನೂ ದಾಟಿ ತಿರುಗುತ್ತಿತ್ತು. ಪೈಪನ್ನು ತಬ್ಬಿಕೊಂಡು ಬೋಲ್ಟು ಸಡಿಲಿಸಿದೆ. ಡಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು, ಗುಡ್ಡದ ಮೇಲಿನ ಟವರಿನಿಂದ ಕಣ್ಣು ಕೀಳದೆ, ಮನೆ ಅತ್ತ ತಿರುಗಿದಷ್ಟು ಇದನ್ನು ಇತ್ತ ತಿರುಗಿಸುತ್ತ ಹೋದೆ. ಒಂದು ದೀಪ. ಆರಿತು. ಮತ್ತೆ ಒಂದು. ಎರಡು. ಡಿಶ್ ಜಾರಿತು, ಆರಿತು. ಕೆಳಗಿನಿಂದ ಬೀಬಿಜಾನ್ ಒದರುತ್ತಿದ್ದಳು, "ಒಂದ ನಿಮಿಷ ಐತಿ ಕಸ್ತೂರೀ! ಅರ್ಧ ಐತಿ!" ನನ್ನ ಕೆಲಸದಲ್ಲಿ ನಾನು ಎಂದೂ ತಿರುಗುತ್ತಿರುವ ಮನೆಯ ಮೇಲೆ ನಿಂತು ಸಿಗ್ನಲ್ ಹಿಡಿದವಳಲ್ಲ. ಯಾರೂ ಹಿಡಿದಿರಲಾರರು. ಉಸಿರು ಬಿಗಿಹಿಡಿದು ಡಿಶ್ಶನ್ನು ಎದೆಗೆ ಅವಚಿಕೊಂಡೆ. ಒಂದು. ಎರಡು. ಮೂರು.

ಮೂರು ದೀಪ ಎಷ್ಟು ಹೊತ್ತು ಉಳಿದವೋ ತಿಳಿಯದು. ಕೆಳಗಿನಿಂದ ಎದ್ದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ಯಾರೋ ಹಿತ್ತಾಳೆಯ ದೊಡ್ಡ ಪರಾತದ ತಟ್ಟೆ ಬಡಿದರು. "ಕಟ್ಟಿತು! ಹುಲಿ ಕಟ್ಟಿತು!" ಓಣಿಯ ಗಂಡಸರು ಅಂಗಡಿ ಬಿಟ್ಟು ಓಡಿ ಬಂದರು. ನಾನು ಮಾಳಿಗೆಯ ಮೇಲೆ ಒಬ್ಬಳೇ ಕುಣಿದೆ, ಡಿಶ್ಶನ್ನು ಬಿಡದೆಯೇ.

ಮನೆ ನಿಂತಾಗ ಬಾಗಿಲು ಗುಡ್ಡಕ್ಕೆ ನೇರವಾಗಿತ್ತು. ಆ ಮನೆಯ ಮುನಿಸಿಲ್ಲದ ಈ ಮುಖವನ್ನು ನಮ್ಮ ವಯಸ್ಸಿನವರು ಯಾರೂ ನೋಡಿರಲಿಲ್ಲ. ಬೋಲ್ಟು ಬಿಗಿದು ಮೆಲ್ಲಗೆ ಕೈ ಬಿಟ್ಟೆ. ನಾಲ್ಕು ದೀಪ ಹೊತ್ತಿದ್ದವು.

ಜನವೆಲ್ಲ ಕರಗಿದ ಮೇಲೆ, ಸ್ವಿಚ್ಚಿನ ತಂತಿ ಸರಿಪಡಿಸಲು ನಾನು ಪಡಸಾಲೆಯಲ್ಲಿ ಉಳಿದೆ. ನೆಲದ ತುಂಬ ಬೆಳ್ಳುಳ್ಳಿ ಸಿಪ್ಪೆ. ಅದನ್ನು ಒಂದು ಮೂಲೆಗೆ ಗುಡಿಸಿ, ಅಡಿವೆಪ್ಪನವರು ಎಲ್ಲಿಂದಲೋ ಬಳಪ ಹುಡುಕಿ ತಂದು, ಮೊಣಕಾಲೂರಿ ನೆಲದ ಮೇಲೆ ಹುಲಿ-ಕುರಿಯ ಮನೆ ಗೀಚಿದರು. ಗೆರೆಗಳು ಸೊಟ್ಟಗಿದ್ದವು. ತುಂಗಕ್ಕ ಎದುರಿಗೆ ಬಂದು ಕೂತಳು. ಇಬ್ಬರೂ ಆಡಿದರು. ಮೂರು ಕುರಿ ಹೋದವು, ಒಂದು ಹುಲಿ ಕಟ್ಟಿತು. ಅಡಿವೆಪ್ಪನವರಿಗೆ ಕೆಮ್ಮು ಬಂತು. ನೀರು ಕುಡಿಯಲು ಎದ್ದವರು ಅರ್ಧಕ್ಕೇ ನಿಂತುಬಿಟ್ಟರು. ಆಟದ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು.

"ಹೋಗಿ ಕುಡದು ಬರ್ರಿ," ಎಂದಳು ತುಂಗಕ್ಕ. "ನಾ ಮುಟ್ಟಂಗಿಲ್ಲ."

"ಮುಟ್ಟಿದ್ರ ಮುಟ್ಟು," ಎಂದು ಅವರು ಒಳಗೆ ಹೋದರು.

ನಾನು ಸಿಂಬಿಯ ಮೇಲಿನ ಕೊಡವನ್ನು ನೋಡಿದೆ, ನೀರು ತುಳುಕಲಿಲ್ಲ. ಅವರು ಅದರಿಂದಲೇ ನೀರು ಬಗ್ಗಿಸಿಕೊಂಡು, ನಿಂತಲ್ಲಿಯೇ ನಿಧಾನವಾಗಿ, ಪೂರ್ತಿ ಲೋಟ ಕುಡಿದರು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.